ಮಗಳಿಗೆ ಹೇಳುವಾಗ ‘ಆದರೂ’ ಬೇಡ

ಪ್ರಥಮ ಪರಮಪ್ರಸಾದ (ಕ್ಯಾಥೊಲಿಕ್ ಮಕ್ಕಳು ಚರ್ಚಿನಲ್ಲಿ ಮೊದಲ ಬಾರಿಗೆ ಪವಿತ್ರ ರೊಟ್ಟಿ ಪಡೆಯುವ ಸಂಸ್ಕಾರ) ಸ್ವೀಕರಿಸಿ ಕೆಲವೇ ವಾರಗಳಾಗಿದ್ದ 9 ವರ್ಷದ ಹುಡುಗಿಯೊಬ್ಬಳನ್ನು ತಾಯಿ ನನ್ನ ಬಳಿ ಕರೆತಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ದೂರು ಸಣ್ಣದೆಂದು ಅವರೇ ಹೇಳಿಕೊಂಡರು. ಭಾನುವಾರ ಚರ್ಚಿನ ಬಲಿಪೂಜೆಗೆ ಹೊರಡುವ ಮುನ್ನ ಮಗಳು ಮುಖಕ್ಕಷ್ಟೇ ಅಲ್ಲ, ಮೊಣಕೈವರೆಗೂ ಪೌಡರ್ ಬಳಿದುಕೊಳ್ಳುತ್ತಾಳೆ. ಬೈದರೆ ಅಳುತ್ತಾಳೆ.

ತಾಯಿ ಫೋಟೊ ಆಲ್ಬಂ ತಂದಿದ್ದರು. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಗವಸು, ಉರಿಯುವ ಮೇಣದಬತ್ತಿ. ಮುಖ ಮಾತ್ರ ಆ ಮಗುವಿನದಾಗಿರಲಿಲ್ಲ. ಯಾರೂ ಕೇಳದಿದ್ದರೂ ಸ್ಟುಡಿಯೊದವರು ಅದನ್ನು ಬೆಳ್ಳಗೆ ಮಾಡಿಬಿಟ್ಟಿದ್ದರು. ಕಿವಿಯ ಹಿಂದೆ, ಕುತ್ತಿಗೆಯ ಅಂಚಿನಲ್ಲಿ ಒಂದು ಗೆರೆಯಷ್ಟು ಅವಳ ನಿಜವಾದ ಬಣ್ಣ ಉಳಿದಿತ್ತು. ಹುಡುಗಿ ಆ ಗೆರೆಯ ಮೇಲೆ ಬೆರಳಿಟ್ಟು ಹೇಳಿದಳು: “ಇಲ್ಲಿ ಅಳಿಸುವುದಕ್ಕೆ ಮರೆತಿದ್ದಾರೆ, ಟೀಚರ್.”

ಆ ದಿನ ಮನೆಯಲ್ಲಿ ನಡೆದದ್ದು ಇಷ್ಟು. ಬಿಳಿ ಬಟ್ಟೆಯಲ್ಲಿ ಮಗು ಇನ್ನಷ್ಟು ಕಪ್ಪಾಗಿ ಕಾಣುತ್ತಾಳೆ ಎಂದು ಅಜ್ಜಿ ಅಂದರು. ತಾಯಿಗೆ ಕರುಳು ಚುರುಕ್ಕೆಂದಿತು. ಮಗಳನ್ನು ಅಪ್ಪಿಕೊಂಡು, “ಬಣ್ಣ ಹೇಗಿದ್ದರೇನು ಮಗಳೇ, ನಿನ್ನ ಮನಸ್ಸು ಚೆನ್ನಾಗಿದೆ. ದೇವರು ನೋಡುವುದು ಅದನ್ನೇ” ಎಂದರು. ಇದಕ್ಕಿಂತ ಒಳ್ಳೆಯ ಮಾತು ಯಾವ ತಾಯಿಗೂ ಆ ಕ್ಷಣದಲ್ಲಿ ಹೊಳೆಯುತ್ತಿರಲಿಲ್ಲವೇನೋ. ಆದರೆ ಮಗುವಿಗೆ ಕೇಳಿಸಿದ್ದೇ ಬೇರೆ. ತಾಯಿಯನ್ನು ಹೊರಗೆ ಕೂರಿಸಿ ನಾನು ಕೇಳಿದಾಗ ಅವಳು ಹೇಳಿದ್ದು, “ಅಜ್ಜಿ ಹೇಳಿದ್ದು ಹೌದು ಎಂದು ಮಮ್ಮಿಯೂ ಒಪ್ಪಿಕೊಂಡರು.”

ಮಂಗಳೂರಿನಲ್ಲಿ ಆಪ್ತಸಮಾಲೋಚಕಿಯಾಗಿ, ಭಾನುವಾರಗಳಂದು ಧರ್ಮಶಿಕ್ಷಣದ ಶಿಕ್ಷಕಿಯಾಗಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಅಂತರಂಗದ ಸೌಂದರ್ಯದ ಮಾತು ನಮ್ಮ ಹೆಣ್ಣುಮಕ್ಕಳ ಕಿವಿಗೆ ಬೀಳುವುದು ಎರಡೇ ಸಂದರ್ಭಗಳಲ್ಲಿ. ಒಂದು, ಯಾರೋ ನೋಯಿಸಿದಾಗ ಸಮಾಧಾನಕ್ಕೆ. ಇನ್ನೊಂದು, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತಾಗ ಗದರಿಕೆಗೆ. ಬೆಳ್ಳಗಿರುವ ಅಕ್ಕನಿಗೆ ಯಾರೂ ಈ ಮಾತು ಹೇಳುವುದಿಲ್ಲ. ಅಂದ ಮೇಲೆ, ಮುಖ ಚೆನ್ನಾಗಿಲ್ಲದವರಿಗೆ ಕೊಡುವ ಸಮಾಧಾನದ ಬಹುಮಾನ ಇದು ಎಂದು ತಂಗಿ ಲೆಕ್ಕ ಹಾಕಿದರೆ ಅವಳ ತಪ್ಪೇನು? ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ನಮ್ಮ ಊಟದ ಮೇಜಿನ ಮಾತಿನಿಂದ ಆ ಪದ ಇನ್ನೂ ಹೋಗಿಲ್ಲ.

ಗದರಿಕೆಗೆ ಹೆಚ್ಚಾಗಿ ಬಳಕೆಯಾಗುವುದು ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯ. ಜಡೆ ಹೆಣೆಯುವುದು, ಚಿನ್ನ ತೊಡುವುದು ಮೊದಲಾದ ಹೊರಗಿನ ಶೃಂಗಾರ ಬೇಡ, ಸೌಮ್ಯವೂ ಶಾಂತವೂ ಆದ ಮನಸ್ಸೇ ಭೂಷಣವಾಗಿರಲಿ ಎನ್ನುವ ಭಾಗ. ಇದನ್ನು ಓದಿಸುವ ಮೊದಲು ತಂದೆತಾಯಿ ಎರಡು ಸಂಗತಿಗಳನ್ನು ತಿಳಿದಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಆ ಸಾಲುಗಳು ಇಂದಿನ ಟರ್ಕಿಯಿರುವ ನಾಡಿನ ವಿವಾಹಿತ ಸ್ತ್ರೀಯರಿಗೆ ಬರೆದವು, 9 ವರ್ಷದ ಮಕ್ಕಳಿಗಲ್ಲ. ರೋಮನ್ ಆಳ್ವಿಕೆಯ ಆ ದಿನಗಳಲ್ಲಿ ಸಿರಿವಂತರ ಮನೆಯ ಹೆಂಗಸರು ಎತ್ತರಕ್ಕೆ ಕಟ್ಟಿಸಿಕೊಳ್ಳುತ್ತಿದ್ದ ಕೇಶಾಲಂಕಾರ ಅಂತಸ್ತಿನ ಪ್ರದರ್ಶನವಾಗಿತ್ತು. ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋಗುವ ಮಗುವಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು ಇನ್ನೂ ಮುಖ್ಯ. ‘ಸೌಮ್ಯ’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ ‘ಪ್ರಾಉಸ್’ ಎಂಬ ಪದವನ್ನೇ ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ಕುರಿತು ಹೇಳಿಕೊಳ್ಳುತ್ತಾನೆ. ದೇವಾಲಯದಲ್ಲಿ ಹಣ ಬದಲಿಸುವವರ ಮೇಜುಗಳನ್ನು ಕೆಡವಿದವನೂ ಅವನೇ. ಹಾಗಾಗಿ ಸೌಮ್ಯ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ, ಅದು ಹುಡುಗಿಯರಿಗಷ್ಟೇ ಮೀಸಲಾದ ಗುಣವೂ ಅಲ್ಲ. ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ‘ಎಷ್ಟು ಶಾಂತ ಹುಡುಗಿ’ ಎಂದು ಎಲ್ಲರಿಂದ ಹೊಗಳಿಸಿಕೊಂಡ ಮಗುವೊಂದು ಶಾಲಾ ವಾಹನದಲ್ಲಿ ತನಗಾಗುತ್ತಿದ್ದ ಕಿರುಕುಳವನ್ನು ತಿಂಗಳುಗಟ್ಟಲೆ ನುಂಗಿಕೊಂಡಿತ್ತು. ಹೇಳಿದರೆ ಒಳ್ಳೆಯ ಹುಡುಗಿ ಎಂಬ ಹೆಸರು ಹೋಗುತ್ತದೆ ಎಂಬ ಭಯ ಅದಕ್ಕೆ. ಆ ಮಗುವಿನ ಮುಖ ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿಲ್ಲ. ಪೇತ್ರನ ಪತ್ರ ಓದಿಸುವ ಮನೆಯಲ್ಲಿ ಬೈಬಲಿನದೇ ಜ್ಞಾನೋಕ್ತಿಗಳ ಪುಸ್ತಕದ 31ನೆಯ ಅಧ್ಯಾಯವನ್ನೂ ಪೂರ್ತಿಯಾಗಿ ಓದಿಸಿ. ಸೌಂದರ್ಯ ನೆಚ್ಚತಕ್ಕದ್ದಲ್ಲ ಎನ್ನುವ ಒಂದೇ ಸಾಲು ಸಾಲದು. ಅಲ್ಲಿನ ಹೆಂಗಸು ಹೊಲವನ್ನು ಪರಿಶೀಲಿಸಿ ಕೊಂಡುಕೊಳ್ಳುತ್ತಾಳೆ, ದುಡಿದ ಹಣದಿಂದ ದ್ರಾಕ್ಷಿತೋಟ ಮಾಡುತ್ತಾಳೆ, ಒಳ್ಳೆಯ ನಾರುಮಡಿಯನ್ನೂ ಉಡುತ್ತಾಳೆ.

ಸಂತರ ಕಥೆಗಳ ವಿಷಯದಲ್ಲೂ ಎಚ್ಚರ ಬೇಕು. ಲೀಮಾದ ಸಂತ ರೋಸ್ ತನ್ನ ಚೆಲುವನ್ನು ಜನ ಹೊಗಳಿದರೆಂದು ಮುಖಕ್ಕೆ ಮೆಣಸು ಉಜ್ಜಿಕೊಂಡಳೆಂಬ ಕಥೆಯುಂಟು. 2008ರಲ್ಲಿ ಸಂತ ಪದವಿ ಪಡೆದ ಕೇರಳದ ಅಲ್ಫೋನ್ಸಾ, ಬೇಡದ ಮದುವೆ ತಪ್ಪಿಸಿಕೊಳ್ಳಲು ಹುಡುಗಿಯಾಗಿದ್ದಾಗ ಬೂದಿಯ ಕೆಂಡಕ್ಕೆ ಕಾಲಿಟ್ಟು ಸುಟ್ಟುಕೊಂಡದ್ದನ್ನು ನಮ್ಮ ಮಕ್ಕಳೂ ಕೇಳಿರುತ್ತಾರೆ. ಇವನ್ನು ಮೆಚ್ಚುಗೆಯ ದನಿಯಲ್ಲಿ ಹೇಳಿ ಮುಗಿಸಬೇಡಿ. ಅಲ್ಫೋನ್ಸಾಳನ್ನು ನಾವು ನೆನೆಯುವುದು ವರ್ಷಗಟ್ಟಲೆ ಕಾಯಿಲೆಯಲ್ಲಿ ನರಳುತ್ತಲೇ ಅವಳು ಉಳಿಸಿಕೊಂಡ ಪ್ರೀತಿಗಾಗಿ, ಸುಟ್ಟ ಪಾದಕ್ಕಾಗಿ ಅಲ್ಲ ಎಂದು ನಾನು ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ತನ್ನ ದೇಹವನ್ನು ನೋಯಿಸಿಕೊಳ್ಳುವುದು ಭಕ್ತಿ ಎಂಬ ಭಾವನೆ ಮಗುವಿನ ತಲೆಯಲ್ಲಿ ಸೇರಿಕೊಂಡರೆ, 14ನೆಯ ವಯಸ್ಸಿಗೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಬಲ್ಲೆ.

ಹಾಗಾದರೆ ಕಲಿಸುವುದು ಯಾವಾಗ, ಹೇಗೆ? ಯಾರೂ ಅಳುತ್ತಿಲ್ಲದ, ಯಾರೂ ಬೈಯುತ್ತಿಲ್ಲದ ಮಾಮೂಲು ದಿನಗಳಲ್ಲಿ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ನೊವೆನಾದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಅಂದು ಜಡಿಮಳೆ. ಒಬ್ಬ ಹುಡುಗಿ ಬರಿಗೈಯಲ್ಲಿ ಬಂದು ಸಾಲಿನ ಕೊನೆಗೆ ಸರಿದು ನಿಂತಿದ್ದಳು. ಅವಳ ಮುಂದಿದ್ದವಳು ತಿರುಗಿ ನೋಡಿ, ಏನೂ ಕೇಳದೆ, ತನ್ನ ಬುಟ್ಟಿಯಿಂದ ದಾಸವಾಳ, ಗೋರಂಟಿ ತೆಗೆದು ಅವಳ ಅಂಗೈ ತುಂಬಿಸಿದಳು. ಹೂವು ಕೊಟ್ಟವಳ ತಾಯಿ ಇದನ್ನು ನೋಡಿದ್ದರು. ಹೊರಬರುವಾಗ ಕೊಡೆಯ ಕೆಳಗೆ ಅವರು ಮಗಳಿಗೆ, “ಅವಳು ಕೇಳುವ ಮೊದಲೇ ನೀನು ಕೊಟ್ಟೆ. ಅವಳಿಗೆ ನಾಚಿಕೆಯಾಗದ ಹಾಗೆ ಕೊಟ್ಟೆ. ನೋಡಿ ನನಗೆ ಬಹಳ ಸಂತೋಷವಾಯಿತು” ಎಂದರು. ಅಷ್ಟೇ. ಬೈಬಲಿನ ವಾಕ್ಯ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ‘ಒಳ್ಳೆಯ ಹುಡುಗಿ’ ಎಂಬ ಸಾರಾಸಗಟು ಹೊಗಳಿಕೆಯಿಂದ ಮಗು ಹಿಡಿದಿಟ್ಟುಕೊಳ್ಳುವುದು ಏನೂ ಇಲ್ಲ. ಕಂಡದ್ದನ್ನು ಕಂಡ ಹಾಗೆಯೇ ಹೆಸರಿಟ್ಟು ಹೇಳಿದರೆ ಮಗುವಿಗೆ ತನ್ನೊಳಗಿನದು ಕಾಣಿಸುತ್ತದೆ.

ಮಗಳು ಹೊಸ ಬಟ್ಟೆ ತೊಟ್ಟು ಬಂದು “ನಾನು ಚೆಂದ ಕಾಣುತ್ತೇನಾ?” ಎಂದು ಕೇಳಿದರೆ ಮೊದಲು “ಹೌದು” ಎನ್ನಿ. ತಕ್ಷಣ ಹೃದಯದ ಮಾತಿಗೆ ಹಾರಬೇಡಿ. ಮನುಷ್ಯ ಹೊರಗಿನ ತೋರಿಕೆಯನ್ನು ನೋಡುತ್ತಾನೆ, ದೇವರು ಹೃದಯವನ್ನು ನೋಡುತ್ತಾನೆ ಎಂದು ಪ್ರವಾದಿ ಸಮುವೇಲನಿಗೆ ಹೇಳಿದ ಅದೇ ಅಧ್ಯಾಯ, ಕೆಲವೇ ಸಾಲುಗಳ ನಂತರ ಮುಂದೆ ರಾಜನಾದ ದಾವೀದನ ಕಣ್ಣುಗಳ ಚೆಲುವನ್ನೂ ಹೇಳುತ್ತದೆ. ಸತ್ಯವೇದಕ್ಕೆ ಇಲ್ಲದ ಸಂಕೋಚ ನಮಗೇಕೆ? ತಾಯಂದಿರಲ್ಲಿ ಇನ್ನೊಂದು ವಿನಂತಿ. ನಿಮ್ಮ ಹೊಟ್ಟೆಯನ್ನೋ ಮುಖದ ಕಲೆಯನ್ನೋ ಮಗಳ ಎದುರಲ್ಲಿ ಹಳಿದುಕೊಳ್ಳಬೇಡಿ. ಅವಳಿಗೂ ಅದೇ ಮೂಗು, ಅದೇ ಮೈಕಟ್ಟು ಬಂದಿರುತ್ತದೆ.

ಆ ಆಲ್ಬಂನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಅಜ್ಜಿಯನ್ನೂ ಕರೆತನ್ನಿ ಎಂದಿದ್ದೆ. ಬಂದರು. ಗದ್ದೆ ಕೆಲಸದಲ್ಲೇ ವಯಸ್ಸು ಕಳೆದ ಕೈಗಳು. ಅವರನ್ನು ಆಕ್ಷೇಪಿಸುವ ಮನಸ್ಸು ನನಗಿರಲಿಲ್ಲ. ಆ ಮಾತನ್ನು ಅವರು ತಮ್ಮ ಬಾಲ್ಯದಲ್ಲೇ ಯಾರಿಂದಲೋ ಕೇಳಿ ಕಲಿತಿರುತ್ತಾರೆ. ಬೈಬಲಿನ ಪ್ರೇಮಕಾವ್ಯವಾದ ಪರಮಗೀತೆಯ ಮೊದಲನೆಯ ಅಧ್ಯಾಯ ತೆರೆದು, ಜೆರುಸಲೇಮಿನ ಹೆಂಗಳೆಯರೊಂದಿಗೆ ಅದರ ನಾಯಕಿಯಾದ ಯುವತಿ ಮಾತಾಡುವ ಭಾಗವನ್ನು ಮೊಮ್ಮಗಳ ಕೈಯಲ್ಲಿ ಓದಿಸಿದೆ. ‘ನಾನು ಕಪ್ಪಾಗಿದ್ದರೂ ಚೆಲುವೆ’ ಎಂದೇ ನಾವು ಅದನ್ನು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತೇವೆ. ಹೀಬ್ರೂವಿನಲ್ಲಿ ಎರಡೂ ಪದಗಳನ್ನು ಜೋಡಿಸಿರುವುದು ‘ವ’ ಎಂಬ ಒಂದೇ ಅಕ್ಷರ. ‘ಆದರೂ’ ಎಂದೂ ಓದಬಹುದು, ‘ಮತ್ತು’ ಎಂದೂ ಓದಬಹುದು. ಕಪ್ಪೂ ಹೌದು, ಚೆಲುವೆಯೂ ಹೌದು. ಮಗುವಿಗೆ ಇದು ತಟ್ಟನೆ ಹಿಡಿಸಿತು. ಎರಡನ್ನೂ ಒಂದಾದ ಮೇಲೊಂದು ಹೇಳಿ ನೋಡಿ, ಎರಡನೆಯದನ್ನೇ ಮತ್ತೊಮ್ಮೆ ಹೇಳಿದಳು.

ಮುಂದಿನ ಸಾಲು ಓದಿದಾಗ ಅಜ್ಜಿ ಕತ್ತೆತ್ತಿದರು. ಅಣ್ಣತಮ್ಮಂದಿರು ಅವಳನ್ನು ದ್ರಾಕ್ಷಿತೋಟ ಕಾಯಲು ಹಚ್ಚಿದರು, ಬಿಸಿಲಿಗೆ ಮೈ ಕಪ್ಪಾಯಿತು ಎನ್ನುವ ಸಾಲು ಅದು.

“ಅವಳು ತೋಟದಲ್ಲಿ ಕೆಲಸ ಮಾಡುತ್ತಿದ್ದಳಾ?” ಎಂದು ಕೇಳಿದರು.

“ಹೌದು ಅಜ್ಜಿ,” ಎಂದಳು ಹುಡುಗಿ.

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.