ಹಳೆಯ ಕಾರಿನ ಸ್ಟೀರಿಂಗ್ ಬಿಗಿಯಾದರೆ ಪಂಪ್ ಹೋಗಿದೆ ಎಂದೇ ಅರ್ಥವೇ?

ಪ್ರಶ್ನೆ: ನಮ್ಮ ಕಾರಿಗೆ 15 ವರ್ಷ ದಾಟಿದೆ. ಕೆಲವು ತಿಂಗಳಿಂದ ಸ್ಟೀರಿಂಗ್ ತುಂಬ ಬಿಗಿಯಾಗಿದೆ, ಪಾರ್ಕ್ ಮಾಡುವಾಗ ಎರಡೂ ಕೈ ಹಾಕಿ ಎಳೆಯಬೇಕು. ಪವರ್ ಸ್ಟೀರಿಂಗ್ ಪಂಪ್ ಬದಲಿಸಿ ಎನ್ನುತ್ತಿದ್ದಾರೆ. ಬೇರೇನೂ ಕಾರಣ ಇರಲಿಕ್ಕಿಲ್ಲವೇ?

ಉತ್ತರ: ಖಂಡಿತ ಇರಬಹುದು. ಪಂಪ್ ಆಯಿಲ್ ಒತ್ತಡದಿಂದ ನಿಮ್ಮ ಕೈಗೆ ಸಹಾಯ ಮಾಡುತ್ತದೆ, ಅಷ್ಟೇ. ಚಕ್ರವನ್ನು ನಿಜವಾಗಿ ತಿರುಗಿಸುವುದು ಸ್ಟೀರಿಂಗ್ ಕಾಲಮ್ (ಸ್ಟೀರಿಂಗ್‌ನಿಂದ ಕೆಳಗಿಳಿಯುವ ದಂಡ), ರ್‍ಯಾಕ್ (ಆ ತಿರುವನ್ನು ಎಡ-ಬಲದ ಚಲನೆಯಾಗಿಸುವ ಹಲ್ಲಿನ ಸರಳು), ಅದನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್, ಬಾಲ್ ಜಾಯಿಂಟ್‌ಗಳು. ಸಹಾಯ ಕಡಿಮೆಯಾದರೂ ಸ್ಟೀರಿಂಗ್ ಬಿಗಿಯಾಗುತ್ತದೆ, ಈ ಕೀಲುಗಳು ಹಿಡಿದುಕೊಂಡರೂ ಬಿಗಿಯಾಗುತ್ತದೆ. ಯಾವುದು ಎಂದು ಬೇರ್ಪಡಿಸಿ ನೋಡದೆ ಪಂಪ್ ಬಿಚ್ಚಿಸಬೇಡಿ.

ಎಲ್ಲಕ್ಕಿಂತ ಮೊದಲು ಮುಂದಿನ ಟೈರ್‌ಗಳ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಗಾಳಿ ಇಳಿದ ಟೈರ್ ನಿಂತಲ್ಲೇ ತಿರುಗಲು ಬಹಳ ಸತಾಯಿಸುತ್ತದೆ.

ಗಾಳಿ ಸರಿಯಿದ್ದರೆ ಮುಂದಿನ ಎರಡೂ ಚಕ್ರಗಳನ್ನು ನೆಲ ಬಿಡುವಂತೆ ಎತ್ತಿಸಿ. ಜಾಕ್ ಒಂದನ್ನೇ ನಂಬಬಾರದು. ಕೆಳಗೆ ಸ್ಟ್ಯಾಂಡ್ ಇರಬೇಕು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟಿರಬೇಕು. ಎಂಜಿನ್ ಆಫ್ ಇರಲಿ, ಕೀ ಮಾತ್ರ ಲಾಕ್ ಬಿಡುವಷ್ಟು ತಿರುಗಿರಲಿ. ಈಗ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಿ. ಒಳಗಿನ ಆಯಿಲ್ ತಳ್ಳುವಷ್ಟು ಸಣ್ಣ ತಡೆ ಇರುತ್ತದೆ, ಆದರೆ ಅದು ಉದ್ದಕ್ಕೂ ಒಂದೇ ಸಮನಿರಬೇಕು. ಒಂದು ಸುತ್ತಿನಲ್ಲಿ ಎರಡು ಕಡೆ ಹಿಡಿದು ಬಿಟ್ಟಂತೆ ಆದರೆ ಕಾಲಮ್‌ನ ಕೆಳಗಿರುವ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿಯೂ ತಿರುಗಬಲ್ಲ ಕೀಲು) ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ತಿರುಗಿಸುವಾಗ ಮುಂದಿನ ಸ್ಪ್ರಿಂಗ್ ಸುತ್ತಿಕೊಂಡು ‘ಟಣ್’ ಎಂದು ಬಿಟ್ಟರೆ, ಆ ಸ್ಪ್ರಿಂಗ್ ಹೊತ್ತ ಕಂಬವಾದ ಸ್ಟ್ರಟ್‌ನ ಮೇಲಿನ ಬೇರಿಂಗ್ ಅನುಮಾನಿಸಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿರುವುದೂ ಇಂಥ ಯಾಂತ್ರಿಕ ಬಿಗಿಯ ಗುರುತೇ. ಇವುಗಳಲ್ಲಿ ಯಾವುದಕ್ಕೂ ಹೊಸ ಪಂಪ್ ಮದ್ದಲ್ಲ.

ಚಕ್ರ ಮೇಲಿದ್ದಾಗ ಸಲೀಸಾಗಿ ತಿರುಗಿ, ನೆಲಕ್ಕಿಳಿಸಿ ಎಂಜಿನ್ ಶುರು ಮಾಡಿದ ಮೇಲೂ ಬಿಗಿ ಎನಿಸಿದರೆ ಸಹಾಯದ ಕಡೆಯೇ ತೊಂದರೆ ಇರುವ ಸಾಧ್ಯತೆ ಹೆಚ್ಚು. ಬಾನೆಟ್ ಎತ್ತಿ ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಒಂದು ಹನಿಯನ್ನು ಬಿಳಿ ಬಟ್ಟೆಗೆ ಒತ್ತಿ ಬೆಳಕಿಗೆ ಹಿಡಿಯಿರಿ. ಬಣ್ಣ ಕೆಂಪೋ ಹಸಿರೋ ಏನೇ ಇರಲಿ, ತಿಳಿಯಾಗಿರಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಸತ್ತಿದೆ. ಮಿನುಗುವ ಸಣ್ಣ ಲೋಹದ ಕಣ ಕಂಡರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆ. ಎಂಜಿನ್ ಓಡುವಾಗ ಡಬ್ಬಿಯಲ್ಲಿ ನೊರೆ ಎದ್ದರೆ ಒಂದೋ ಆಯಿಲ್ ಮಟ್ಟ ಇಳಿದಿದೆ, ಇಲ್ಲವೇ ಡಬ್ಬಿಯಿಂದ ಪಂಪ್‌ಗೆ ಹೋಗುವ ಹೋಸ್ ಗಾಳಿ ಎಳೆಯುತ್ತಿದೆ. ಆ ಹೋಸ್‌ನ ಕ್ಲಿಪ್ಪು, ಓ-ರಿಂಗ್ ಪರೀಕ್ಷಿಸಿ. ಇನ್ನೊಂದು ಗುಟ್ಟು: ಹಲವು ಕಾರುಗಳಲ್ಲಿ ಡಬ್ಬಿಯ ತಳದಲ್ಲೇ ಒಂದು ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಪಂಪ್‌ಗೆ ಸಾಕಷ್ಟು ಆಯಿಲ್ ಸಿಗದೆ ಅದು ಗುಂಯ್‌ಗುಡುತ್ತದೆ, ತಪ್ಪು ಮಾತ್ರ ಪಂಪ್‌ನ ತಲೆಗೆ ಬರುತ್ತದೆ. ಡಬ್ಬಿ ಬದಲಿಸಿದರೇ ಮುಗಿಯಿತು.

ಮಟ್ಟ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ರ್‍ಯಾಕ್‌ನ ಎರಡು ತುದಿಗಳಲ್ಲಿರುವ ರಬ್ಬರ್ ಬೂಟ್‌ಗಳನ್ನು ಹಿಂಡಿ ನೋಡಿ. ಒಳಗೆ ಆಯಿಲ್ ತುಂಬಿಕೊಂಡಿದ್ದರೆ ರ್‍ಯಾಕ್‌ನ ಸೀಲ್ ಹೋಗಿದೆ. ತುಂಬಿಸುವಾಗಲೂ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಹೇಳಿದ ಆಯಿಲ್‌ನ್ನೇ ಹಾಕಿ. ಕೆಲವು ಕಾರು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಬೇಡುತ್ತವೆ, ಕೆಲವು ಅದನ್ನು ಸಹಿಸುವುದಿಲ್ಲ. ಬ್ರೇಕ್ ಆಯಿಲ್ ಅಂತೂ ಒಂದು ತೊಟ್ಟೂ ಬೀಳಬಾರದು, ಸೀಲ್‌ಗಳು ಹಾಳಾಗುತ್ತವೆ.

ನಂತರ ಎಂಜಿನ್‌ನಿಂದ ಪಂಪನ್ನು ತಿರುಗಿಸುವ ಬೆಲ್ಟ್. ಕೊನೆಯವರೆಗೆ ತಿರುಗಿಸಿದಾಗ ಕಿರ್‍ರೆಂದು ಕೂಗಿದರೆ ಅದು ಜಾರುತ್ತಿದೆ. ಎಂಜಿನ್ ಆಫ್ ಮಾಡಿ ಮುಟ್ಟಿ ನೋಡಿ: ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ, ಮೈ ಕನ್ನಡಿಯಂತೆ ಹೊಳೆಯುತ್ತಿದೆಯೇ?

ಇಷ್ಟೆಲ್ಲ ಸರಿಯಿದ್ದ ಮೇಲೆ ಬಿಗಿ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ನನ್ನ ಪ್ರಕಾರ ಮೆಕ್ಯಾನಿಕ್‌ಗೆ ನೀವು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಮಾಹಿತಿ ಇದೇ, ಏಕೆಂದರೆ ಗಾಡಿಯನ್ನು ದಿನವೂ ಓಡಿಸುವವರಿಗೆ ಮಾತ್ರ ಅದು ಗೊತ್ತಿರುತ್ತದೆ. ಒಂದು ಕಡೆಗೆ ಮಾತ್ರ ಬಿಗಿಯೇ? ಹಾಗಾದರೆ ಪಂಪ್ ಬಹುಮಟ್ಟಿಗೆ ನಿರಪರಾಧಿ. ಅದು ಎರಡೂ ದಿಕ್ಕಿಗೆ ಒಂದೇ ಒತ್ತಡ ಕೊಡುತ್ತದೆ. ಎಡಕ್ಕೋ ಬಲಕ್ಕೋ ಹಂಚುವುದು ರ್‍ಯಾಕ್‌ನ ವಾಲ್ವ್, ಆದ್ದರಿಂದ ದೋಷ ಅಲ್ಲಿ ಅಥವಾ ರ್‍ಯಾಕ್‌ನ ಒಳ ಸೀಲ್‌ನಲ್ಲಿ. ಬೆಳಗಿನ ಚಳಿಯಲ್ಲಿ ಬಿಗಿಯಾಗಿದ್ದು, ಸ್ವಲ್ಪ ದೂರ ಓಡಿಸಿದ ಮೇಲೆ ಸಡಿಲವಾದರೆ ಆಗಲೂ ವಾಲ್ವ್‌ನ ಸವೆತವನ್ನೇ ಮೊದಲು ಶಂಕಿಸಬೇಕು. ಐಡ್ಲಿಂಗ್‌ನಲ್ಲಿ ಎರಡೂ ಕಡೆಗೆ ಸಮನಾಗಿ ಬಿಗಿಯಾಗಿದ್ದು, ಆಕ್ಸಿಲರೇಟರ್ ಕೊಟ್ಟಾಗ ಹಗುರಾದರೆ, ಬೆಲ್ಟೂ ಚೆನ್ನಾಗಿದ್ದರೆ, ಆಗ ಪಂಪ್ ದುರ್ಬಲವಾಗಿದೆ ಎನ್ನಲು ಆಧಾರ ಸಿಕ್ಕಿತು. ಆಗಲೂ ಪ್ರೆಷರ್ ಗೇಜ್ ಹಾಕಿ ಒತ್ತಡ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಆಯಿಲ್ ಡಬ್ಬಿಯೇ ಕಾಣದಿದ್ದರೆ ನಿಮ್ಮದು ಬಹುಶಃ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಅದರ ದಾರಿಯೇ ಬೇರೆ: ಬ್ಯಾಟರಿ ವೋಲ್ಟೇಜ್, ಅರ್ತ್ ವೈರ್, ಫ್ಯೂಸ್ ನೋಡಿ, ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಬೇಕು.

ಬಿಗಿ ಓಡುವಾಗ ಹಠಾತ್ತಾಗಿ ಬಂದು ಹೋಗುತ್ತಿದ್ದರೆ, ಇಲ್ಲವೇ ಸ್ಟೀರಿಂಗ್ ಎಲ್ಲೋ ಸಿಕ್ಕಿಕೊಂಡಂತೆ ಆದರೆ, ಆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ. ಎಳೆಸಿಕೊಂಡೇ ಗ್ಯಾರೇಜ್ ಸೇರಿಸಿ. ಪರೀಕ್ಷೆಯೆಲ್ಲ ಮುಗಿದು ಪಂಪ್ ಬದಲಿಸಲೇಬೇಕೆಂದಾದರೆ ಹಳೆಯ ಆಯಿಲ್‌ನ್ನು ಪೂರ್ತಿ ತೆಗೆಸಿ, ಪೈಪ್‌ಗಳನ್ನು ಫ್ಲಶ್ ಮಾಡಿಸಿ, ಹೊಸದು ತುಂಬಿಸಿ. ಚಕ್ರಗಳನ್ನು ಎತ್ತಿಟ್ಟು, ಎಂಜಿನ್ ಆಫ್ ಇರುವಾಗಲೇ, ಗುಳ್ಳೆ ಏಳುವುದು ನಿಲ್ಲುವವರೆಗೆ ಸ್ಟೀರಿಂಗನ್ನು ಆ ಕೊನೆ ಈ ಕೊನೆ ತಿರುಗಿಸಿ ಗಾಳಿ ಹೊರಹಾಕಿಸಿ. ಹಳೆಯ ಲೋಹದ ಕಣ ಒಳಗೇ ಉಳಿದರೆ ಹೊಸ ಪಂಪೂ ಬೇಗ ಸವೆಯುತ್ತದೆ.