ಕೂಸು ಹುಟ್ಟಿದ ಮೇಲೂ ಕುಲಾವಿ ಹೊಲಿಸುವಂತಿಲ್ಲ

ಓದುಗರ ಪ್ರಶ್ನೆ: ಸಮುದ್ರದಲ್ಲಿ ಮೊಟ್ಟೆ ಇಡುವ ಮೀನು ಎಷ್ಟಿದೆ ಅಂತ ಅಂದಾಜು ಮಾಡ್ತಾರೆ. ಒಂದು ಮೀನು ಎಷ್ಟು ಮೊಟ್ಟೆ ಇಡುತ್ತೆ ಅನ್ನೋದೂ ಗೊತ್ತು. ಎರಡನ್ನೂ ಗುಣಿಸಿದ್ರೆ ಆಯ್ತಲ್ವಾ? ಮುಂದೆ ಎಷ್ಟು ಮರಿ ಬರುತ್ತೆ ಅಂತ ಹೇಳೋಕೆ ವಿಜ್ಞಾನಿಗಳು ಯಾಕೆ ಒದ್ದಾಡ್ತಾರೆ?

ಗುಣಾಕಾರ ಸುಲಭ. ಎಡವಟ್ಟು ಆಗುವುದು ಕಳೆಯುವ ಲೆಕ್ಕದಲ್ಲಿ.

ದೊಡ್ಡದೊಂದು ಹೆಣ್ಣು ಕಾಡ್ (cod) ಮೀನು ಒಂದೇ ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ. ಅದರ ಇಡೀ ಆಯುಷ್ಯದ ಮೊಟ್ಟೆಗಳಲ್ಲಿ ಸರಾಸರಿ ಎರಡು ಬೆಳೆದು ದೊಡ್ಡವಾದರೂ ಸಾಕು, ಮೀನಿನ ಸಂಖ್ಯೆ ಇದ್ದಷ್ಟೇ ಇರುತ್ತದೆ. ಅಂದರೆ ಉಳಿದದ್ದೆಲ್ಲ ಸಾಯುತ್ತದೆ. ಎಷ್ಟು ಬೇಗ ಸಾಯುತ್ತದೆ ಎನ್ನುವುದರಲ್ಲೇ ಎಲ್ಲ ಗುಟ್ಟು.

ಒಂದು ಲೆಕ್ಕ ಹಾಕಿ ನೋಡಿ. 10 ಲಕ್ಷ ಮರಿಗಳಿವೆ ಅಂದುಕೊಳ್ಳಿ. ದಿನಕ್ಕೆ ನೂರಕ್ಕೆ ಹತ್ತು ಸತ್ತರೆ, 60 ದಿನ ಕಳೆದ ಮೇಲೆ ಉಳಿಯುವುದು ಸುಮಾರು 1,800. ಹತ್ತರ ಬದಲು ಒಂಬತ್ತು ಸತ್ತರೆ? ಸುಮಾರು 3,500. ಹನ್ನೆರಡು ಸತ್ತರೆ 470ಕ್ಕೂ ಕಡಿಮೆ. ಸಮುದ್ರದಲ್ಲಿ ಒಂಬತ್ತು, ಹತ್ತು, ಹನ್ನೆರಡರ ವ್ಯತ್ಯಾಸವನ್ನು ಯಾರೂ ನೆಟ್ಟಗೆ ಅಳೆಯಲಾರರು. ಆದರೆ ಫಲಿತಾಂಶ ಏಳು ಪಟ್ಟು ಆಚೀಚೆ ಆಗಿಬಿಡುತ್ತದೆ. ತಾಯಿ ಮೀನುಗಳ ಲೆಕ್ಕ ಎಷ್ಟೇ ಪಕ್ಕಾ ಇದ್ದರೂ ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಮೀನು ವಿಜ್ಞಾನಿಗಳು ರಿಕ್ರೂಟ್‌ಮೆಂಟ್ ಎನ್ನುವುದು ಹುಟ್ಟಿದ ಮರಿಗಳ ಸಂಖ್ಯೆಗಲ್ಲ. ಇಷ್ಟೆಲ್ಲ ದಾಟಿ, ಬಲೆಗೆ ಸಿಗುವಷ್ಟು ಬೆಳೆದು ದೊಡ್ಡವರ ಗುಂಪಿಗೆ ಸೇರಿದವಕ್ಕೆ ಮಾತ್ರ ಆ ಹೆಸರು. ಅದಕ್ಕೆ ಒಂದು ವರ್ಷ ಬೇಕಾಗಬಹುದು, ಮೂರೂ ಬೇಕಾಗಬಹುದು.

ಈ ತಲೆನೋವು ಹೊಸದಲ್ಲ. ನಾರ್ವೆಯ ಯೊಹಾನ್ ಯೋರ್ಟ್ ಮತ್ತು ಸಂಗಡಿಗರು ಹೆರಿಂಗ್ ಮೀನಿನ ಹುರುಪೆ ನೋಡಿ ವಯಸ್ಸು ಲೆಕ್ಕ ಹಾಕುತ್ತಿದ್ದರು. ಮರದ ಕಾಂಡದಲ್ಲಿ ಇರುವ ಹಾಗೆ ಹುರುಪೆಯಲ್ಲೂ ವರ್ಷಕ್ಕೊಂದು ಉಂಗುರ ಮೂಡುತ್ತದೆ. ವರ್ಷ ವರ್ಷ ನೋಡಿದರೂ ಬಲೆ ತುಂಬ ಅದೇ ಮೀನುಗಳು: 1904ರಲ್ಲಿ ಹುಟ್ಟಿದವು! ಅದರ ಹಿಂದು ಮುಂದಿನ ವರ್ಷಗಳಲ್ಲೂ ತಾಯಿ ಮೀನುಗಳು ಮೊಟ್ಟೆ ಇಟ್ಟಿದ್ದವು, ಆದರೆ ಆ ಪೀಳಿಗೆಗಳ ಮೀನು ಬಲೆಗೆ ಸಿಗುತ್ತಿದ್ದದ್ದು ಬಹಳ ಕಡಿಮೆ. ಒಂದೇ ವರ್ಷದ ಮಕ್ಕಳು ಇಡೀ ಮೀನುಗಾರಿಕೆಯನ್ನು ವರ್ಷಗಟ್ಟಲೆ ಹೊತ್ತುಕೊಂಡು ಹೋಗಿದ್ದರು.

ಯಾಕೆ ಹೀಗೆ? 1914ರಲ್ಲಿ ಯೋರ್ಟ್ ಒಂದು ಕಾರಣ ಮುಂದಿಟ್ಟರು. ಮೊಟ್ಟೆಯೊಡೆದ ಮರಿ ಕೆಲವೇ ಮಿಲಿಮೀಟರ್ ಉದ್ದ, ಗಾಜಿನ ಎಳೆಯ ಹಾಗೆ ಪಾರದರ್ಶಕ. ಹೊಟ್ಟೆಗೆ ಅಂಟಿಕೊಂಡ, ಮೊಟ್ಟೆಯ ಹಳದಿ ತುಂಬಿದ ಚೀಲವೇ ಅದರ ಬುತ್ತಿ. ಕೆಲವು ದಿನಗಳಲ್ಲಿ ಬುತ್ತಿ ಖಾಲಿ. ಅಷ್ಟರಲ್ಲಿ ಬಾಯಿ ತೆರೆದು, ಆ ಪುಟ್ಟ ಬಾಯಿಗೆ ಹಿಡಿಸುವಷ್ಟು ಚಿಕ್ಕ ಪ್ಲಾಂಕ್ಟನ್ ಅನ್ನು, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು, ಹಿಡಿಯಲೇಬೇಕು. ಹುಡುಕಿಕೊಂಡು ದೂರ ಹೋಗುವ ಶಕ್ತಿ ಇಲ್ಲ. ಮೂಗಿನ ಮುಂದೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಮೇಲೆ ಬಂದ ಮೀನು ವಿಜ್ಞಾನಿ ಡೇವಿಡ್ ಕುಶಿಂಗ್ ಇದನ್ನು ಕಾಲದ ಹೊಂದಾಣಿಕೆಯಾಗಿ ನೋಡಿದರು. ಪ್ಲಾಂಕ್ಟನ್ ಹೆಚ್ಚುವ ವಾರ, ಮರಿಗೆ ಹಸಿವಾಗುವ ವಾರ ಎರಡೂ ಕೂಡಿ ಬಂದರೆ ಒಳ್ಳೆ ಪೀಳಿಗೆ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಆಂಚವಿ ಮರಿಗಳನ್ನು ನೋಡಿದ ರೂಬೆನ್ ಲಾಸ್ಕರ್ ಹೇಳಿದ್ದು ಇನ್ನೊಂದು. ಊಟ ಇದ್ದರೆ ಸಾಲದು, ಒತ್ತೊತ್ತಾಗಿ ಒಂದು ಪದರದಲ್ಲಿ ಇರಬೇಕು. ಜೋರು ಗಾಳಿ ಬೀಸಿ ನೀರು ಕಲಕಿದರೆ ಅದೇ ಊಟ ಚೆದುರಿಹೋಗುತ್ತದೆ. ಒಂದು ಬಿರುಗಾಳಿ ಸಾಕು. ಇದೆಲ್ಲ ದಾಟಿದರೂ ತಿನ್ನುವವರು ಕಾಯುತ್ತಿರುತ್ತಾರೆ, ಬೇಡದ ಕಡೆಗೆ ಎಳೆದೊಯ್ಯುವ ಪ್ರವಾಹಗಳಿರುತ್ತವೆ.

ಹಾಗಾದರೆ ತಾಯಿ ಮೀನು ಎಷ್ಟಿದ್ದರೂ ಒಂದೇನಾ? ಹಾಗೂ ಅಲ್ಲ. 1950ರ ದಶಕದಲ್ಲಿ ಎರಡು ಸೂತ್ರ ಬಂದವು, ಇವತ್ತಿಗೂ ಬಳಕೆಯಲ್ಲಿವೆ. ಬೆವರ್ಟನ್ ಮತ್ತು ಹೋಲ್ಟ್ ಅವರದರಲ್ಲಿ ತಾಯಂದಿರು ಹೆಚ್ಚಿದ ಹಾಗೆ ಮರಿಗಳೂ ಹೆಚ್ಚಿ, ಒಂದು ಹಂತದ ಮೇಲೆ ಗೆರೆ ಚಪ್ಪಟೆ ಆಗುತ್ತದೆ. ರಿಕರ್ ಅವರದರಲ್ಲಿ ಗೆರೆ ಏರಿ ಮತ್ತೆ ಇಳಿಯುತ್ತದೆ. ತಾಯಂದಿರು ಜಾಸ್ತಿಯಾದರೆ ಮರಿಗಳಿಗೇ ತೊಂದರೆ, ಕೆಲವು ಜಾತಿಗಳಲ್ಲಿ ದೊಡ್ಡವೇ ಮರಿಗಳನ್ನು ತಿನ್ನುತ್ತವೆ. ಪುಸ್ತಕದಲ್ಲಿ ಗೆರೆ ಬಹಳ ಚೆಂದ. ಅದರ ಮೇಲೆ ನಿಜವಾದ ವರ್ಷಗಳ ಚುಕ್ಕಿ ಹಾಕಿದರೆ ಇರುವೆ ಗೂಡು ಕೆದಕಿದ ಹಾಗೆ ಕಾಣುತ್ತದೆ. ತಾಯಂದಿರು ತೀರಾ ಕಡಿಮೆ ಆದಾಗ ಮರಿಗಳೂ ಕಡಿಮೆ ಆಗುತ್ತವೆ ಎನ್ನುವುದನ್ನು ಮಾತ್ರ ನಂಬಬಹುದು. ಉಳಿದಂತೆ ಆ ಗೆರೆಯಿಂದ ಮುಂದಿನ ವರ್ಷದ ಭವಿಷ್ಯ ಹೇಳಲು ಹೋಗಬಾರದು ಅಂತಲೇ ನನ್ನ ಅಭಿಪ್ರಾಯ.

ಸರಿ, ನೀರಿನ ಬಿಸಿಯನ್ನೂ ಗಾಳಿಯನ್ನೂ ಲೆಕ್ಕಕ್ಕೆ ತಗೊಂಡರೆ? ಅದನ್ನೂ ಮಾಡಿದ್ದಾರೆ. 1998ರಲ್ಲಿ ಮೀನು ವಿಜ್ಞಾನಿ ರ‍್ಯಾನ್ಸಮ್ ಮೈಯರ್ಸ್ ಹಳೆಯ ಇಂಥ ನಂಟುಗಳನ್ನೆಲ್ಲ ಕಲೆಹಾಕಿ, ಹೊಸ ಅಂಕಿಗಳ ಜೊತೆ ಮತ್ತೆ ಪರೀಕ್ಷಿಸಿದರು. ಹೆಚ್ಚಿನವು ಬಿದ್ದುಹೋದವು. ಅಮೆರಿಕದ ಪಶ್ಚಿಮ ಕರಾವಳಿಯ ಸಾರ್ಡೀನ್ ಕಥೆಯೂ ಹಾಗೇ. ಸ್ಕ್ರಿಪ್ಸ್ ಎಂಬ ಸಮುದ್ರ ಸಂಶೋಧನಾ ಸಂಸ್ಥೆಯ, ಸಮುದ್ರದೊಳಗೆ ಚಾಚಿದ ಕಟ್ಟೆಯ ಬಳಿ ಅಳೆದ ನೀರಿನ ತಾಪಮಾನವನ್ನು ನೋಡಿ ಎಷ್ಟು ಹಿಡಿಯಬಹುದು ಎಂದು ನಿರ್ಧರಿಸುವ ನಿಯಮವೇ ಇತ್ತು. ಹೊಸ ವರ್ಷಗಳ ಅಂಕಿ ಸೇರಿಸಿ ನೋಡಿದಾಗ ಆ ನಂಟು ನಿಲ್ಲಲಿಲ್ಲ. ಆ ಕಟ್ಟೆಯ ಅಳತೆಯನ್ನು ಕೈಬಿಟ್ಟರು.

ಕೆನಡಾದ ಫ್ರೇಸರ್ ನದಿಯದು ಇನ್ನೂ ದೊಡ್ಡ ಪಾಠ. 2009ರಲ್ಲಿ ಸುಮಾರು 1 ಕೋಟಿ ಸಾಕೈ ಸಾಲ್ಮನ್ ಮೊಟ್ಟೆ ಇಡಲು ಸಮುದ್ರದಿಂದ ವಾಪಸ್ ಬರುತ್ತವೆ ಎಂದು ಅಂದಾಜಿತ್ತು. ಬಂದದ್ದು ಸುಮಾರು 15 ಲಕ್ಷ. ಸರ್ಕಾರ ವಿಚಾರಣಾ ಆಯೋಗವನ್ನೇ ನೇಮಿಸಿತು. ಮುಂದಿನ ವರ್ಷ ಬಂದದ್ದು 2.5 ಕೋಟಿಗೂ ಜಾಸ್ತಿ. ಅದು ಅಂದಾಜಿನ ಎರಡು ಪಟ್ಟಿಗಿಂತ ಹೆಚ್ಚು!

ಹಾಗಾದರೆ ಕೈಚೆಲ್ಲಿ ಕೂರಬೇಕಾ? ಇಲ್ಲ. ಕೆಲಸಕ್ಕೆ ಬರುವ ದಾರಿ ತುಂಬ ಸಾದಾ: ತಾಯಂದಿರನ್ನು ಬಿಟ್ಟು ಮರಿಗಳನ್ನೇ ಎಣಿಸುವುದು, ಅದೂ ಅತಿ ಕಷ್ಟದ ದಿನಗಳು ಕಳೆದ ಮೇಲೆ. ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ 1965ರಿಂದ ಸಣ್ಣ ಬಲೆ ಎಳೆದು ಆ ವರ್ಷದ ಮರಿಗಳ ಅಂದಾಜು ಮಾಡುತ್ತಿದ್ದಾರೆ. ಸಾಲ್ಮನ್‌ನಲ್ಲಿ ಇನ್ನೊಂದು ಉಪಾಯ ಇದೆ. ಒಂದೇ ಪೀಳಿಗೆಯಲ್ಲಿ ಕೆಲವು ಒಂದು ವರ್ಷ ಮುಂಚೆಯೇ ನದಿಗೆ ಮರಳುತ್ತವೆ. ಅವುಗಳ ಸಂಖ್ಯೆ ನೋಡಿ ಹಿಂದೆ ಬರುವ ಒಡಹುಟ್ಟಿದವರ ಸಂಖ್ಯೆ ಊಹಿಸುತ್ತಾರೆ. ತಡವಾಗಿ ಎಣಿಸಿದಷ್ಟೂ ಲೆಕ್ಕ ಸರಿಯಾಗುತ್ತದೆ, ಆದರೆ ತಯಾರಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಈ ಹಗ್ಗಜಗ್ಗಾಟ ತಪ್ಪಿದ್ದಲ್ಲ.

ಸರಿಯಾದ ಲೆಕ್ಕ, ತಯಾರಿಗೆ ಸಮಯ ಎರಡೂ ಒಟ್ಟಿಗೆ ಸಿಕ್ಕ ಒಂದು ಉದಾಹರಣೆ ಇದೆ. ಅದು ಮೀನಲ್ಲ, ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್, ಆದರೂ ಹೇಳಿಬಿಡುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದರ ಮರಿಗಳು ತಿಂಗಳುಗಟ್ಟಲೆ ಹಿಂದೂ ಮಹಾಸಾಗರದಲ್ಲಿ ಅಲೆದು ದಡಕ್ಕೆ ಬರುತ್ತವೆ. ಕೃತಕ ಪಾಚಿಯ ಗೊಂಚಲುಗಳನ್ನು ನೀರಲ್ಲಿ ಇಳಿಬಿಟ್ಟು, ಅದರಲ್ಲಿ ಬಂದು ಕೂತ ಮರಿಗಳನ್ನು ಕೊಡವಿ ಎಣಿಸುತ್ತಾರೆ. ಅವು ಹಿಡಿಯುವ ಗಾತ್ರಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. 2008ರ ಸುಮಾರಿಗೆ ಗೊಂಚಲುಗಳು ಹೆಚ್ಚುಕಡಿಮೆ ಖಾಲಿಯಾಗಿ ಬರತೊಡಗಿದವು. ಮರಿಗಳು ಯಾಕೆ ಬರಲಿಲ್ಲ ಎನ್ನುವ ಚರ್ಚೆ ಇನ್ನೂ ನಡೆಯುತ್ತಿರುವಾಗಲೇ ಹಿಡಿಯುವುದನ್ನು ಜೋರಾಗಿ ಕಡಿತ ಮಾಡಿದರು. ಆ ಬಡ ಪೀಳಿಗೆ ಬುಟ್ಟಿಗಳಿಗೆ ಬರುವ ಹೊತ್ತಿಗೆ, ಹಿಂದಿನ ವರ್ಷಗಳ ದೊಡ್ಡ ಲಾಬ್‌ಸ್ಟರ್‌ಗಳು ಸಮುದ್ರದಲ್ಲೇ ಉಳಿದಿದ್ದವು.