ಗಿಡದ ತೊಟ್ಟಿಗೆ ಪುಟ್ಟ ಮೀನು: ಬಣ್ಣಕ್ಕಿಂತ ಮೊದಲು ನೀರು

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎರಡಡಿ ಗಾಜಿನ ತೊಟ್ಟಿ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ ಇರುತ್ತದೆ. ಅಂಚಿನವರೆಗೆ ತುಂಬಿದರೆ 70 ಲೀಟರ್ ಹಿಡಿಯುತ್ತದೆ. ತಳಕ್ಕೆ ಎರಡು ಇಂಚು ಮಣ್ಣು ಹಾಕಿ, ಕಲ್ಲು, ಮರದ ಬೇರು ಜೋಡಿಸಿ, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ಮೀನಿಗೆ ಉಳಿಯುವುದು 50 ಲೀಟರ್ ಆಸುಪಾಸು. ನೀರೊಳಗೆ ಗಿಡ ಬೆಳೆಸಲು ಇಷ್ಟು ಧಾರಾಳ. ಮೀನಿನ ವಿಷಯದಲ್ಲಿ ಮಾತ್ರ ಕೈ ಸ್ವಲ್ಪ ಬಿಗಿ ಇರಬೇಕು.

‘ನಾಲ್ಕು ಲೀಟರ್ ನೀರಿಗೆ ಒಂದು ಇಂಚು ಮೀನು’ ಎಂಬ ಲೆಕ್ಕ ಬಹಳ ಹಳೆಯದು, ಅಷ್ಟೇ ಮೋಸದ್ದು. ಮೀನಿನ ಉದ್ದ ಹತ್ತು ಪಟ್ಟಾದರೆ ತೂಕ ಹೆಚ್ಚುಕಡಿಮೆ ಸಾವಿರ ಪಟ್ಟಾಗುತ್ತದೆ. ಒಂದೊಂದು ಇಂಚಿನ ಹತ್ತು ಮೀನುಗಳೂ ಹತ್ತು ಇಂಚಿನ ಒಂದು ಮೀನೂ ಈ ಲೆಕ್ಕದಲ್ಲಿ ಸಮ. ಆದರೆ ಆ ದೊಡ್ಡ ಮೀನಿನ ಮೈಯಲ್ಲಿರುವ ಮಾಂಸ ಹತ್ತು ಪುಟ್ಟ ಮೀನುಗಳದ್ದಕ್ಕಿಂತ ನೂರು ಪಟ್ಟು. ತಿನ್ನುವ ಆಹಾರ, ಬಿಡುವ ಅಮೋನಿಯಾ, ಎಳೆದುಕೊಳ್ಳುವ ಆಮ್ಲಜನಕ ಪೂರ್ತಿ ಅದೇ ಅನುಪಾತದಲ್ಲಿ ಏರದಿದ್ದರೂ ದೊಡ್ಡ ಮೀನಿನ ಪಾಲು ಹಲವು ಪಟ್ಟು ಜಾಸ್ತಿಯೇ. ಗಿಡದ ತೊಟ್ಟಿಗೆ ಪೂರ್ತಿ ಬೆಳೆದಾಗಲೂ ಐದಾರು ಸೆಂಟಿಮೀಟರ್ ಮೀರದ ಮೀನುಗಳನ್ನು ಸೂಚಿಸುವುದು ಇದೇ ಕಾರಣಕ್ಕೆ. ಕಣ್ಣಿಗೂ ಲಾಭವಿದೆ: ಮೀನು ಚಿಕ್ಕದಾದಷ್ಟೂ ಗಿಡಗಳು ಕಾಡಿನಂತೆ ದೊಡ್ಡದಾಗಿ ಕಾಣುತ್ತವೆ.

ಯಾವ ಮೀನು ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯ ನಲ್ಲಿಯಲ್ಲಿ ಸಿಗುತ್ತದೆ. ಬೆಂಗಳೂರಿನವರು ಕಾವೇರಿ ನೀರನ್ನು ಸಿಹಿನೀರು ಎಂದೂ ಬೋರ್‌ವೆಲ್ ನೀರನ್ನು ಉಪ್ಪುನೀರು ಎಂದೂ ಬೇರೆ ಮಾಡಿಯೇ ಹೇಳುತ್ತಾರೆ. ಗೀಸರ್ ಕಾಯಿಲ್‌ಗೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಬಿಡುತ್ತದೆ. ಮೀನು ಸಾಕುವವರು ಬಳಸುವ ಜರ್ಮನ್ ಡಿಗ್ರಿಯಲ್ಲಿ ಇವು ಸುಮಾರು 11 ಮತ್ತು 34. ಅಮೆಜಾನ್ ಕಡೆಯ ಟೆಟ್ರಾ ಎಂಬ ಪುಟ್ಟ ಮೀನುಗಳ ತವರು ಹೊಳೆಗಳಲ್ಲಿ ಗಡಸುತನ ಒಂದೆರಡು ಡಿಗ್ರಿಯೂ ಇರುವುದಿಲ್ಲ.

ಇಲ್ಲಿ ಬಹಳ ಜನ ಎಡವುವುದು ಟಿಡಿಎಸ್ ಮೀಟರ್ ನಂಬಿ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆಯೇ ಹೊರತು ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಟಿಡಿಎಸ್ ಮಾತ್ರ ಇದ್ದಲ್ಲೇ ಇರುತ್ತದೆ. ಅಂಥ ನೀರು ಗಿಡಕ್ಕೂ ಒಗ್ಗದು, ಮೀನಿಗೂ ಒಗ್ಗದು. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರನ್ನೇ ಹಿಡಿಯಿರಿ. ಜಿಎಚ್ (ಒಟ್ಟು ಗಡಸುತನ) ಮತ್ತು ಕೆಎಚ್ (ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್) ಎರಡನ್ನೂ ಅಳೆಯಲು ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ಮೊದಲ ಮೀನಿಗಿಂತ ಮೊದಲು ಅದನ್ನು ಕೊಳ್ಳಿ.

ಗಡಸುತನ 12 ಡಿಗ್ರಿ ದಾಟಿದ್ದರೆ ಗಪ್ಪಿ, ಎಂಡ್ಲರ್, ಪ್ಲಾಟಿಗಳು ಸರಿಯಾದ ಆಯ್ಕೆ. ಗಡಸು ನೀರು ಅವಕ್ಕೆ ಬರೀ ಸಹ್ಯವಲ್ಲ, ಇಷ್ಟ. ಗಪ್ಪಿ ಎಷ್ಟು ಗಟ್ಟಿಜೀವವೆಂದರೆ ಸೊಳ್ಳೆಮರಿ ತಿನ್ನಲೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೇ ಅದನ್ನು ಬಿಟ್ಟದ್ದುಂಟು. ತೊಂದರೆ ಅದರ ಸಂತಾನ. ಸುಮಾರು ನಾಲ್ಕು ವಾರಕ್ಕೊಮ್ಮೆ ಹೆಣ್ಣು ಮರಿ ಹಾಕುತ್ತದೆ. ಒಮ್ಮೆ ಗಂಡಿನೊಂದಿಗೆ ಕೂಡಿದರೆ ವೀರ್ಯವನ್ನು ಹೊಟ್ಟೆಯಲ್ಲೇ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹಾಗಾಗಿ ‘ಬರೀ ಹೆಣ್ಣು ತಂದೆ’ ಎಂಬ ಜಾಣ್ಮೆ ಕೆಲಸ ಮಾಡುವುದಿಲ್ಲ. ಬರೀ ಗಂಡು ತನ್ನಿ. ಬಣ್ಣವಿರುವುದೂ ಅವಕ್ಕೇ.

ಗಡಸುತನ 8 ಡಿಗ್ರಿಗಿಂತ ಕಡಿಮೆ ಇದ್ದರೆ ಎಂಬರ್ ಟೆಟ್ರಾ, ಕಾರ್ಡಿನಲ್, ಹಾರ್ಲೆಕ್ವಿನ್ ರಾಸ್ಬೋರಾ, ಪಿಗ್ಮಿ ಕೋರಿ ಎಲ್ಲವೂ ತೆರೆದ ಬಾಗಿಲು. ನಡುವೆ ಇದ್ದರೆ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನುಗಳು ಹೊಂದಿಕೊಳ್ಳುತ್ತವೆ, ಹೊಳೆಯಿಂದ ಹಿಡಿದು ತಂದವು ಸೊರಗುತ್ತವೆ. ಗಡಸು ನೀರಿಗೆ ಆರ್‌ಓ ನೀರು ಬೆರೆಸಬಹುದು. 400 ಮಿಲಿಗ್ರಾಂ ಗಡಸಿನ ನೀರು ಒಂದು ಪಾಲಿಗೆ ಮೂರು ಪಾಲು ಆರ್‌ಓ ಸೇರಿಸಿದರೆ 100ಕ್ಕೆ, ಅಂದರೆ ಐದೂವರೆ ಡಿಗ್ರಿಗೆ ಇಳಿಯುತ್ತದೆ. ಆದರೆ ವಾರಕ್ಕೊಮ್ಮೆ 15 ಲೀಟರ್ ಬದಲಿಸುವಾಗ ಪ್ರತಿಸಲ 11 ಲೀಟರ್ ಆರ್‌ಓ ಹಿಡಿದಿಡಬೇಕು, ಅದೂ ವರ್ಷಗಟ್ಟಲೆ. ನೀರನ್ನು ಮೀನಿಗೆ ಒಗ್ಗಿಸುವುದಕ್ಕಿಂತ ನೀರಿಗೆ ಒಗ್ಗುವ ಮೀನು ತರುವುದೇ ಸುಖ. ಬರೀ ಆರ್‌ಓ ನೀರು ತುಂಬುವವರೂ ಇದ್ದಾರೆ. ಅದರಲ್ಲಿ ಕೆಎಚ್ ಇಲ್ಲದ್ದರಿಂದ ಯಾವುದೋ ರಾತ್ರಿ ಪಿಎಚ್ ಧೊಪ್ಪನೆ ಬೀಳುತ್ತದೆ.

ನೀರಿನ ಬಿಸಿ ಇನ್ನೊಂದು ಜರಡಿ. ನಿಯಾನ್ ಟೆಟ್ರಾಕ್ಕೆ 21ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ, ಕಾರ್ಡಿನಲ್‌ಗೆ 28 ಕೂಡ ನಡೆಯುತ್ತದೆ. ವೈಟ್ ಕ್ಲೌಡ್ ಎಂಬ ಚೀನಾದ ಪುಟ್ಟ ಮೀನಿಗೆ 16ರಿಂದ 22 ಇದ್ದರೆ ಚೆನ್ನ. ಮಡಿಕೇರಿಯ ಮನೆಯಲ್ಲಿ ವರ್ಷದ ಬಹುಪಾಲು ನಿರಾಳವಾಗಿರುವ ಆ ಮೀನು ಮಂಗಳೂರಿನ ಏಪ್ರಿಲ್‌ನಲ್ಲಿ ಬಾಳುವುದು ಕಷ್ಟ. ನೀರು 25 ಡಿಗ್ರಿ ಇದ್ದಾಗ ಲೀಟರ್‌ಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಯಲ್ಲಿ 7.6, ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾಗುವುದು ಜಾಸ್ತಿಯಾಗಿರುತ್ತದೆ. ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಇಟ್ಟರೆ ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ; ಕರಾವಳಿಯ ಸೆಕೆಯಲ್ಲಿ ಅಷ್ಟೂ ಇಳಿಯದು. ಆವಿಯಾಗಿ ಹೋದಷ್ಟನ್ನು ತುಂಬಿಸುವಾಗ ಆರ್‌ಓ ನೀರನ್ನೇ ಬಳಸಿ. ಹೋದದ್ದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿದಿದೆ.

ನಿಯಾನ್ ಮತ್ತು ಕಾರ್ಡಿನಲ್ ಎರಡನ್ನೂ ಅಂಗಡಿಯವರು ಒಂದೇ ಹೆಸರಿನಲ್ಲಿ ಕೊಡುವುದುಂಟು. ಪಕ್ಕದಿಂದ ನೋಡಿ: ಕೆಂಪು ಪಟ್ಟಿ ಹೊಟ್ಟೆಯ ನಡುವಿನಿಂದ ಬಾಲದ ಕಡೆಗೆ ಮಾತ್ರ ಇದ್ದರೆ ನಿಯಾನ್, ತಲೆಯ ಕಡೆಯಿಂದ ಬಾಲದವರೆಗೂ ಇದ್ದರೆ ಕಾರ್ಡಿನಲ್. ಇಬ್ಬರಲ್ಲೂ ಹೊಳೆಯುವ ನೀಲಿ ಬಣ್ಣದ್ರವ್ಯವಲ್ಲ. ಚರ್ಮದ ಕೋಶಗಳಲ್ಲಿ ಗ್ವಾನೀನ್ ಹರಳಿನ ತೆಳು ಹಾಳೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ, ಅವುಗಳ ನಡುವಿನ ಅಂತರ ಯಾವ ಬೆಳಕು ಮರಳಬೇಕೆಂದು ತೀರ್ಮಾನಿಸುತ್ತದೆ. ಕತ್ತಲಾದಾಗ ಆ ಅಂತರ ಬದಲಾಗುತ್ತದೆ. ಮಧ್ಯರಾತ್ರಿ ಟಾರ್ಚ್ ಹಾಕಿ ನೋಡಿದವರು ಮೀನು ಬಣ್ಣಗೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ, ಬೆಳಗ್ಗೆ ದೀಪ ಹತ್ತಿ ಸ್ವಲ್ಪ ಹೊತ್ತಿಗೆ ನೀಲಿ ಮರಳುತ್ತದೆ. ಹಗಲಲ್ಲೂ ಪಟ್ಟಿಯ ನಡುವೆ ಬಿಳಿಚಿದ ತೇಪೆ ಕಂಡು, ಮೀನು ಗುಂಪಿನಿಂದ ದೂರ ನಿಂತಿದ್ದರೆ ಮಾತ್ರ ಅದು ನಿಯಾನ್ ರೋಗವಿರಬಹುದು. ಸ್ನಾಯುವಿನೊಳಗೆ ಬೆಳೆಯುವ ಸೂಕ್ಷ್ಮ ಪರಾವಲಂಬಿಯೊಂದು ಇದಕ್ಕೆ ಕಾರಣ. ಔಷಧವಿಲ್ಲ. ಸತ್ತ ಮೀನನ್ನು ಉಳಿದವು ತಿಂದರೆ ಅವಕ್ಕೂ ಅಂಟುತ್ತದೆ, ಆದ್ದರಿಂದ ಅಂಥದನ್ನು ಕೂಡಲೇ ಬೇರೆ ಮಾಡಬೇಕು.

ಸಂಖ್ಯೆಯ ವಿಷಯದಲ್ಲಿ ನಮ್ಮವರ ಅಭ್ಯಾಸ ತಲೆಕೆಳಗು: ಎರಡು ಅದು, ಎರಡು ಇದು, ಒಟ್ಟು ಹತ್ತು ಜಾತಿ. ಹಿಂಡಿನ ಮೀನಿಗೆ ತನ್ನ ಜಾತಿಯ ಐದಾರು ಜೊತೆಗಾರರಾದರೂ ಇಲ್ಲದಿದ್ದರೆ ಗಿಡದ ಸಂದಿ ಬಿಟ್ಟು ಹೊರಗೇ ಬಾರದು. ಟೈಗರ್ ಬಾರ್ಬ್, ಸರ್ಪೆ ಟೆಟ್ರಾದಂಥವು ತಮ್ಮೊಳಗಿನ ಜಗಳವನ್ನು ಪಕ್ಕದ ಮೀನಿನ ರೆಕ್ಕೆಯ ಮೇಲೆ ತೀರಿಸಿಕೊಳ್ಳುತ್ತವೆ. ಮೇಲೆ ಹೇಳಿದ 50 ಲೀಟರ್‌ನಲ್ಲಿ, ನೀರು ಮೆದುವಾಗಿದ್ದರೆ, 12 ಎಂಬರ್ ಟೆಟ್ರಾ, 6 ಪಿಗ್ಮಿ ಕೋರಿ, ಒಂದು ಜೋಡಿ ಹನಿ ಗೌರಾಮಿ ಸಾಕು. ಕೋರಿಗಳು ಮೀಸೆಯಿಂದ ತಳ ಕೆದಕುವುದರಿಂದ ಮುಂಭಾಗದಲ್ಲಿ ಸ್ವಲ್ಪವಾದರೂ ನಯವಾದ ಮರಳಿರಲಿ. ಹನಿ ಗೌರಾಮಿ ನಮ್ಮ ದೇಶದ್ದೇ, ಬಂಗಾಳ, ಅಸ್ಸಾಂ ಕಡೆಯದು. ಅದನ್ನೂ ಜೀಬ್ರಾ ಡೇನಿಯೊವನ್ನೂ 1822ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಫ್ರಾನ್ಸಿಸ್ ಬುಕಾನನ್, ಟಿಪ್ಪು ಬಿದ್ದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬೆಳೆ ಬದುಕಿನ ಲೆಕ್ಕ ಬರೆದ ಅದೇ ಮನುಷ್ಯ. ಇದರ ಸಂಬಂಧಿ ಡ್ವಾರ್ಫ್ ಗೌರಾಮಿ ಹೆಚ್ಚು ಬಣ್ಣದ್ದು, ಆದರೆ ವಾಸಿಯಾಗದ ವೈರಸ್ ರೋಗವೊಂದು ಸಾಕಣೆಯ ತಳಿಗಳಲ್ಲಿ ಹರಡಿಕೊಂಡಿದೆ, ಬೇಡ.

ಬೇಡದವುಗಳ ಪಟ್ಟಿಯಲ್ಲಿ ಮೊದಲನೆಯದು ‘ಸಕ್ಕರ್ ಫಿಶ್’. ಪಾಚಿ ತಿನ್ನುತ್ತದೆಂದು ಎರಡು ಇಂಚಿನದನ್ನು ಕೊಡುತ್ತಾರೆ, ಅದು ಒಂದಡಿ ಮೀರಿ ಬೆಳೆದು ಗಿಡ ಕಿತ್ತುಹಾಕುತ್ತದೆ. ಬೇಸತ್ತವರು ಕೆರೆಗೆ ಬಿಡುತ್ತಾರೆ. ದೇಶದ ಹಲವು ಕೆರೆ, ಹೊಳೆಗಳಲ್ಲಿ ಈಗ ಅದು ಪಿಡುಗಾಗಿದೆ. ಪಾಚಿಗೆ ನಾಲ್ಕು ಸೆಂಟಿಮೀಟರಿನ ಒಟೊಸಿಂಕ್ಲಸ್ ಒಳ್ಳೆಯದು, ಆದರೆ ತೊಟ್ಟಿಗೆ ಮೂರು ತಿಂಗಳಾದರೂ ಆಗಿರಬೇಕು. ಹೊಸ ತೊಟ್ಟಿಯಲ್ಲಿ ಮೇಯಲು ಪಾಚಿಯ ಪೊರೆ ಇಲ್ಲದೆ ಅವು ಉಪವಾಸ ಸಾಯುತ್ತವೆ. ಏಂಜೆಲ್ ಮೀನು ಬೆಳೆದ ಮೇಲೆ ನಿಯಾನ್‌ಗಳನ್ನು ಒಂದೊಂದೇ ನುಂಗುತ್ತದೆ. ಗೋಲ್ಡ್ ಫಿಶ್, ಬ್ಯೂನಸ್ ಐರಿಸ್ ಟೆಟ್ರಾ ಎಳೆ ಎಲೆ ಮೇಯುತ್ತವೆ. ಪಶ್ಚಿಮ ಘಟ್ಟದ ಹೆಮ್ಮೆಯ ಡೆನಿಸನ್ ಬಾರ್ಬ್ ಅಂಗೈ ಉದ್ದ ಬೆಳೆಯುವ, ಅಳಿವಿನಂಚಿಗೆ ಸರಿದಿರುವ ಮೀನು. ಅದಕ್ಕೆ ನಾಲ್ಕಡಿ ತೊಟ್ಟಿಯಾದರೂ ಬೇಕು.

ಯಾವಾಗ ಬಿಡಬೇಕು? ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗಿಡದ ತೊಟ್ಟಿಗೆಂದೇ ಮಾರುವ ಪೋಷಕ ಮಣ್ಣು ಮೊದಲ ವಾರಗಳಲ್ಲಿ ತಾನೇ ಅಮೋನಿಯಾ ಬಿಡುತ್ತದೆ. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಶೇಕಡಾ ಅರ್ಧದಷ್ಟು. ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 5 ದಾಟುತ್ತದೆ. ಬೋರ್‌ವೆಲ್ ನೀರಿನವರು ಹೆಚ್ಚು ತಾಳ್ಮೆಯಿಂದಿರಬೇಕಾದದ್ದು ಇದಕ್ಕೇ. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆ ತೋರಿಸಿದ ಮೇಲೆ ಟೆಟ್ರಾಗಳಲ್ಲಿ ಅರ್ಧ ಬಿಡಿ, ಎರಡು ವಾರ ನೋಡಿ ಉಳಿದರ್ಧ, ಕೊನೆಗೆ ಗೌರಾಮಿ. ಗಿಡಗಳಿಗೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ದೀಪ ಆರುವುದಕ್ಕೆ ಒಂದು ಗಂಟೆ ಮೊದಲೇ ನಿಲ್ಲಬೇಕು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅನಿಲ ನಿಲ್ಲಿಸಿ ಏರ್ ಪಂಪ್ ಹಾಕಿ.

ಅಂಗಡಿಯಲ್ಲಿ ಮೀನಿಗೆ ಕಾಳು ಹಾಕಿಸಿ ನೋಡಿ. ತಿನ್ನದ, ಹೊಟ್ಟೆ ಒಳಸರಿದ, ರೆಕ್ಕೆ ಮುದುಡಿದ ಮೀನಿರುವ ತೊಟ್ಟಿಯಿಂದ ಯಾವುದನ್ನೂ ತರಬೇಡಿ. ತಂದದ್ದು 20 ಲೀಟರ್ ಟಬ್‌ನಲ್ಲಿ ಸ್ಪಂಜ್ ಫಿಲ್ಟರ್ ಜೊತೆ ಮೂರು ವಾರ ಪ್ರತ್ಯೇಕವಾಗಿರಲಿ. ಬಿಳಿಚುಕ್ಕೆ ರೋಗಕ್ಕೆ ಅಲ್ಲಿ ಔಷಧ ಹಾಕಬಹುದು, ಗಿಡದ ತೊಟ್ಟಿಯಲ್ಲಿ ಸೀಗಡಿ ಸಾಕಿದ್ದರೆ ಔಷಧದಲ್ಲಿ ತಾಮ್ರವಿದ್ದಾಗ ಅದು ಅವನ್ನು ಕೊಲ್ಲುತ್ತದೆ. ನಲ್ಲಿ ನೀರಿನ ಕ್ಲೋರಿನ್ನಿಗೆ ಆಂಟಿ ಕ್ಲೋರಿನ್ ಹನಿ ಮರೆಯಬಾರದು.

ಊರಲ್ಲೇ ಕೊಂಡು ತಂದ ಮೀನಾದರೆ ಚೀಲವನ್ನು 20 ನಿಮಿಷ ನೀರಿನಲ್ಲಿ ತೇಲಿಸಿ, ಆಮೇಲೆ ಅರ್ಧ ಗಂಟೆ ತೊಟ್ಟಿಯ ನೀರನ್ನು ಸಣ್ಣ ಪೈಪಿನಿಂದ ಹನಿಹನಿಯಾಗಿ ಬಿಡುವುದು ಸರಿ. ರಾತ್ರಿಯಿಡೀ ಬಸ್ಸಿನಲ್ಲಿ ಪಾರ್ಸಲ್ ಬಂದ ಮೀನಿಗೆ ಇದೇ ಕ್ರಮ ಅಪಾಯ. ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಸೇರಿಕೊಂಡ ಅಮೋನಿಯಾ ಅದರಿಂದಾಗಿ ತಣ್ಣಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಬಿದ್ದು ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅಲ್ಲಿ ಚೀಲವನ್ನು ಬಿಚ್ಚದೆಯೇ ತೇಲಿಸಿ ಬಿಸಿ ಸರಿಹೊಂದಿಸಿ, ಬಿಚ್ಚಿದ ಮರುಕ್ಷಣ ಮೀನನ್ನು ಬಲೆಯಲ್ಲಿ ಎತ್ತಿ ಟಬ್‌ಗೆ ಬಿಡಬೇಕು. ಚೀಲದ ನೀರು ಬಚ್ಚಲಿಗೆ.